ಕರೆ ಬರುವವರೆಗೆ ಕೂತಿರುವ ಹುಡುಗಿ

ಸಂಪಾದಕರಿಗೆ,

ಕಳೆದ ಭಾನುವಾರದ ಪುರವಣಿಯಲ್ಲಿ ಬಂದ ‘ಹ್ಯೂಮನ್ ಡಿಸೈನ್’ ಲೇಖನವನ್ನು ಎರಡು ಸಲ ಓದಿದೆ. ಹುಟ್ಟಿದ ದಿನ, ಗಳಿಗೆಯಿಂದ ನಕ್ಷೆ ತೆಗೆದು ಮನುಷ್ಯರನ್ನು ಬಗೆಬಗೆಯಾಗಿ ವಿಂಗಡಿಸುವ ಪದ್ಧತಿ ಅದು. ‘ಪ್ರೊಜೆಕ್ಟರ್’ ಎಂಬ ಬಗೆಯವರು ಹುಟ್ಟಾ ಮಾರ್ಗದರ್ಶಕರು, ಅವರು ಮೈಮುರಿದು ದುಡಿಯಲು ಬಂದವರಲ್ಲ, ಬೇರೆಯವರು ಗುರುತಿಸಿ ಕರೆಯುವವರೆಗೆ ಸುಮ್ಮನಿರಬೇಕು ಎಂದು ಲೇಖನದಲ್ಲಿದೆ. ಈ ಮಾತು ನಮ್ಮ ಮನೆಗೆ ಮೊದಲೇ ಬಂದು ಕೂತಿದೆ. ಮೈಸೂರಿನಲ್ಲಿ ಎಂ.ಕಾಂ. ಮುಗಿಸಿದ ನನ್ನ ತಮ್ಮನ ಮಗಳು ತಾನು ಪ್ರೊಜೆಕ್ಟರ್ ಎಂದು ಗೊತ್ತಾದಂದಿನಿಂದ ಕೆಲಸಕ್ಕೆ ಅರ್ಜಿ ಹಾಕುವುದನ್ನೇ ಬಿಟ್ಟಿದ್ದಾಳೆ. ಹುತ್ತರಿಗೆ ಬಂದಾಗ ವಿಚಾರಿಸಿದರೆ, “ಕರೆ ಬರಲಿ ದೊಡ್ಡಪ್ಪ” ಎಂದಳು.

ನನ್ನ ನಕ್ಷೆಯನ್ನೂ ಅವಳೇ ಮೊಬೈಲಿನಲ್ಲಿ ತೆಗೆದಳು. ನಾನೂ ಪ್ರೊಜೆಕ್ಟರಂತೆ! ಹುಟ್ಟಿದ ದಿನ, ಗಳಿಗೆ ಕೇಳಿದಾಗ ನಗು ಬಂತು. ನಾನು ಹುಟ್ಟಿದ್ದು ತೋಟದ ಆಳುಗಳ ಲೈನ್‌ಮನೆಯಲ್ಲಿ. ಅವ್ವ ಹೇಳುತ್ತಿದ್ದದ್ದು ‘ಕಕ್ಕಡದ ಮಳೆ, ದೀಪ ಹಚ್ಚುವ ಹೊತ್ತು’ ಎಂದಷ್ಟೇ. ಶಾಲೆಯ ದಾಖಲೆಯಲ್ಲಿರುವ ಜೂನ್ 1 ಮೇಷ್ಟ್ರ ಕೊಡುಗೆ. ಹುಡುಗಿ ಆ ತಾರೀಖನ್ನೇ ಹಾಕಿದ್ದರಿಂದ ನಾನು ಮಾರ್ಗದರ್ಶಕನಾದದ್ದು ಮೇಷ್ಟ್ರ ಕೃಪೆಯಿಂದ.

ಈ ಪದ್ಧತಿಯನ್ನು ಹುಟ್ಟುಹಾಕಿದವರು ಕೆನಡಾದ ಅಲನ್ ರಾಬರ್ಟ್ ಕ್ರಾಕೋವರ್. 1987ರ ಜನವರಿಯಲ್ಲಿ ಸ್ಪೇನಿನ ಇಬಿಝಾ ದ್ವೀಪದಲ್ಲಿ ಒಂದು ಧ್ವನಿ ತಮಗೆ ಇದನ್ನೆಲ್ಲ ಹೇಳಿತು ಎಂದರು, ಮುಂದೆ ರಾ ಉರು ಹು ಎಂಬ ಹೆಸರಿಟ್ಟುಕೊಂಡರು. ಚೀನಾದ ಹಳೆಯ ಶಕುನಗ್ರಂಥ ಐ ಚಿಂಗ್‌ನ 64 ಆಕೃತಿಗಳು, ಜ್ಯೋತಿಷ್ಯ, ಯಹೂದಿಗಳ ಅನುಭಾವ ವಿದ್ಯೆಯಾದ ಕಬ್ಬಾಲಾ, ನಮ್ಮ ಚಕ್ರಗಳು ಎಲ್ಲವನ್ನೂ ಬೆರೆಸಿದ್ದಾರೆ. ನಮ್ಮ ಏಳು ಚಕ್ರ ಅಲ್ಲಿ ಒಂಬತ್ತು ಕೇಂದ್ರಗಳಾಗಿವೆ. ದುಡಿಮೆಯ ಕಸುವಿನದ್ದೆನ್ನುವ ‘ಸೇಕ್ರಲ್’ ಕೇಂದ್ರ ನಕ್ಷೆಯಲ್ಲಿ ಬಣ್ಣವಿಲ್ಲದೆ ಖಾಲಿಯಿದ್ದು, ಬೇರೆ ಒಂದಾದರೂ ಕೇಂದ್ರಕ್ಕೆ ಬಣ್ಣವಿದ್ದು, ಯಾವ ಶಕ್ತಿಕೇಂದ್ರವೂ ಗಂಟಲಿನ ಕೇಂದ್ರಕ್ಕೆ ಕೂಡಿಕೊಂಡಿಲ್ಲದಿದ್ದರೆ ಆತ ಪ್ರೊಜೆಕ್ಟರ್. ಐವರಲ್ಲಿ ಒಬ್ಬರು ಹೀಗಿರುತ್ತಾರೆಂದು ಅವರ ಲೆಕ್ಕ. ವಿಜ್ಞಾನದ ಪರೀಕ್ಷೆಯಲ್ಲಿ ಇದು ಸಾಬೀತಾದದ್ದಿಲ್ಲ. ಲೇಖನದಲ್ಲಿ ಆ ಒಂದು ಸಾಲಾದರೂ ಇರಬೇಕಿತ್ತು.

ಹಾಗೆಂದು ಪೂರ್ತಿ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಸಿದ್ದಾಪುರದ ಹತ್ತಿರದ ಕಾಫಿ ತೋಟವೊಂದರಲ್ಲಿ 34 ವರ್ಷ ಹಾಜರಿ, ಲೆಕ್ಕ ಬರೆಯುವ ರೈಟರ್ ಆಗಿದ್ದೆ. ಒಂದು ವರ್ಷ ಮಳೆಗಾಲಕ್ಕೆ ಮುಂಚೆ ಸಣ್ಣ ಸಾಹುಕಾರರು ಕಾಫಿಗೆ ನೆರಳು ಕೊಡುವ ಹಾಲವಾಣದ ಮರಗಸಿಯನ್ನು, ಅಂದರೆ ಕೊಂಬೆ ಕಡಿಯುವುದನ್ನು, ಮಿತಿಮೀರಿ ಮಾಡಿಸುತ್ತಿದ್ದರು. ಆಳುಗಳ ಎದುರಿಗೇ, “ಇಷ್ಟು ನೆರಳು ತೆಗೆದರೆ ಬೇಸಿಗೆಗೆ ಗಿಡ ಸುಡುತ್ತದೆ” ಎಂದುಬಿಟ್ಟೆ. “ನಿಮ್ಮ ಕೆಲಸ ಹಾಜರಿ ಬರೆಯುವುದು” ಎಂದರು. ಮೇಸ್ತ್ರಿ ಮುಖ ತಿರುಗಿಸಿಕೊಂಡು ನಕ್ಕಿದ್ದನ್ನು ಇವತ್ತಿಗೂ ಮರೆತಿಲ್ಲ. ಮುಂದಿನ ಮಾರ್ಚಿನಲ್ಲಿ ಕಾಫಿ ಹೂವರಳಿಸುವ ಹೂಮಳೆ ತಡವಾಗಿ, ಆ ಭಾಗದ ರೋಬಸ್ಟಾ ಕಾಫಿ ಗಿಡಗಳ ಎಲೆ ಕಂದಿ ಜೋತುಬಿದ್ದಾಗ ಅವರೇ ನನ್ನನ್ನು ಜಗಲಿಗೆ ಕರೆಸಿ, ಕಾಫಿ ಕೊಟ್ಟು, ಏನು ಮಾಡುವುದೆಂದು ಕೇಳಿದರು. ಹೇಳಿದ್ದು ಹಳೆಯ ಮಾತನ್ನೇ. ಈ ಸಲ ಬರೆದುಕೊಂಡರು. ಕೇಳದವರಿಗೆ ಹೇಳಿದ ಬುದ್ಧಿ ಕಹಿಯಾಗಿ ನಮ್ಮ ನಾಲಿಗೆಗೇ ಮರಳುತ್ತದೆ. ಗುರುತಿಸದಿದ್ದರೆ ಪ್ರೊಜೆಕ್ಟರಿಗೆ ಕಹಿಯೇ ಗತಿ ಎಂದು ಆ ಪದ್ಧತಿಯವರೂ ಹೇಳುತ್ತಾರಂತೆ.

ಆದರೆ ಕರೆ ಬಂದದ್ದು ಏಕೆ? ಅಷ್ಟು ವರ್ಷ ಮಳೆ ಲೆಕ್ಕ, ಕೊಯ್ಲಿನ ಲೆಕ್ಕ ಬರೆದು ಯಾವ ಭಾಗ ಎಷ್ಟು ಕೊಡುತ್ತದೆಂದು ನನಗೆ ಗೊತ್ತಿತ್ತು. ಕಾಯುವಾಗ ಒಂದು ವಿದ್ಯೆಯನ್ನು ಆಳವಾಗಿ ಕಲಿಯಬೇಕೆಂದು ಆ ಪದ್ಧತಿಯೇ ಹೇಳುತ್ತದೆ. ಕರೆಗೆ ಕಾಯಬೇಕಾದದ್ದು ಮದುವೆ, ಉದ್ಯೋಗ, ವಾಸದಂಥ ದೊಡ್ಡ ಸಂಗತಿಗಳಿಗೆ. ದಿನದಿನದ ಕೆಲಸಕ್ಕೆ ಕೈಕಟ್ಟಿ ಕೂರಬೇಕೆಂದಲ್ಲ. ನಿಮ್ಮ ಲೇಖನ ಇದನ್ನು ಬಿಟ್ಟಿದೆ. ಇನ್ನು ನಾವು ದುಡಿಯಲು ಬಂದವರಲ್ಲ ಎಂದು ಲೈನ್‌ಮನೆಯವರೂ ಕೂತರೆ ಹಣ್ಣು ಕೊಯ್ಯುವವರು ಯಾರು? ನಮ್ಮ ತೋಟಗಳಿಗೆ ಕರೆಯದೆ ಬರುವುದು ಆನೆ ಮಾತ್ರ.

ಇದನ್ನೆಲ್ಲ ಹುಡುಗಿಗೇ ಹೇಳಬಹುದಿತ್ತು. ಅವಳು ನನ್ನನ್ನು ಕೇಳಿಲ್ಲ, ಜಗಲಿಯ ಪಾಠ ನೆನಪಿದೆ. ‘ಓದುಗರ ಪತ್ರಗಳಿಗೆ ಸ್ವಾಗತ’ ಎಂದು ನೀವೇ ಅಚ್ಚು ಹಾಕುತ್ತೀರಿ, ಅದನ್ನೇ ಕರೆಯೆಂದುಕೊಂಡೆ. ಅವಳ ಮನೆಗೂ ನಿಮ್ಮ ಪತ್ರಿಕೆಯೇ ಬರುವುದು.

– ನಿವೃತ್ತ ತೋಟದ ರೈಟರ್, ಸಿದ್ದಾಪುರ, ಕೊಡಗು