ಮತ ಹಾಕಲ್ಲ ಎಂದ ಮಗಳಿಗೆ

ಪ್ರೀತಿಯ ಮಗಳೇ,

ನಿನ್ನೆ ಫೋನಿನಲ್ಲಿ ನೀನು ಅಷ್ಟು ಸಿಟ್ಟಾಗಿದ್ದಾಗ ಮಧ್ಯೆ ಬಾಯಿ ಹಾಕೋದು ಬೇಡ ಅನ್ನಿಸಿತು. ಅದಕ್ಕೇ ಬರೆಯುತ್ತಿದ್ದೇನೆ. "ಗೆದ್ದ ದಿನದಿಂದಲೇ ಮುಂದಿನ ಚುನಾವಣೆಯ ಲೆಕ್ಕ ಹಾಕೋರಿಗೆ ನಾನ್ಯಾಕೆ ಮತ ಹಾಕಲಿ?" ಅಂದೆಯಲ್ಲ, ನಿನ್ನ ಸಿಟ್ಟು ನ್ಯಾಯವಾದದ್ದೇ. ಅದನ್ನು ತಣ್ಣಗೆ ಮಾಡೋಕೆ ನಾನು ಬರೆಯುತ್ತಿಲ್ಲ.

ನೀನು ಹೇಳಿದ ರಸ್ತೆಯ ವಿಷಯವನ್ನೇ ತೆಗೆದುಕೋ. ವರ್ಷಗಟ್ಟಲೆ ಗುಂಡಿ ಬಿದ್ದಿದ್ದ ರಸ್ತೆಗೆ ಚುನಾವಣೆ ಹತ್ತಿರ ಬಂದಾಗ ರಾತ್ರೋರಾತ್ರಿ ಡಾಂಬರು ಬೀಳುತ್ತದೆ. ಕೆಳಗಿನ ಒಳಚರಂಡಿ ಪೈಪು ಒಡೆದಿರುವುದು ಎಂಜಿನಿಯರಿಗೂ ಗೊತ್ತು, ಗೆದ್ದವರಿಗೂ ಗೊತ್ತು. ಆದರೆ ಪೈಪು ಬದಲಿಸಬೇಕಾದರೆ ತಿಂಗಳುಗಟ್ಟಲೆ ರಸ್ತೆ ಅಗೆಯಬೇಕು. ಧೂಳು, ಬೈಗುಳ ಎಲ್ಲ ತಿನ್ನಬೇಕು. ಇಷ್ಟಾದರೂ ಕೊನೆಗೆ ಕಣ್ಣಿಗೆ ಕಾಣುವಂಥದ್ದು ಏನೂ ಇರುವುದಿಲ್ಲ. ಡಾಂಬರಾದರೆ ಕಪ್ಪಗೆ ಹೊಳೆಯುತ್ತದೆ, ಫೋಟೋದಲ್ಲೂ ಚೆನ್ನಾಗಿ ಬರುತ್ತದೆ. ಜೋರು ಮಳೆಗೆ ಅದು ಕುಸಿಯುವ ಹೊತ್ತಿಗೆ ಮತ ಎಣಿಕೆ ಮುಗಿದಿರುತ್ತದೆ.

ಇದು ಎಲ್ಲೋ ಒಂದು ಕಡೆಯ ಕಥೆಯಲ್ಲ. ಚುನಾವಣೆಗೆ ಮುಂಚೆ ಕೈ ಸಡಿಲ ಬಿಟ್ಟು, ಗೆದ್ದ ಮೇಲೆ ಬಿಗಿ ಹಿಡಿಯುವ ಸರ್ಕಾರಗಳ ಚಾಳಿಯ ಬಗ್ಗೆ ವಿಲಿಯಂ ನಾರ್ಡ್‌ಹೌಸ್ ಎಂಬ ಅರ್ಥಶಾಸ್ತ್ರಜ್ಞ 1975ರಲ್ಲೇ ಬರೆದಿದ್ದರು.

ನನಗೆ ಜಾಸ್ತಿ ನೋವು ಕೊಟ್ಟಿದ್ದು ಇನ್ನೊಂದು ಸಂಗತಿ. ಆಂಡ್ರ್ಯೂ ಹೀಲಿ ಮತ್ತು ನೀಲ್ ಮಲ್ಹೋತ್ರಾ ಎಂಬ ಇಬ್ಬರು ಸಂಶೋಧಕರು ಅಮೆರಿಕದ ಚುನಾವಣೆಗಳನ್ನು ನೋಡಿ 2009ರಲ್ಲಿ ಒಂದು ಲೇಖನ ಬರೆದರು. ಅನಾಹುತ ಆದ ಮೇಲೆ ಪರಿಹಾರ ಹಂಚಿದವರಿಗೆ ಜನ ಮತ ಕೊಡುತ್ತಾರೆ. ಅನಾಹುತ ಎದುರಿಸೋಕೆ ಮೊದಲೇ ತಯಾರಿ ಮಾಡಿದವರಿಗೆ ಕೊಡುವುದಿಲ್ಲ. ತಯಾರಿಗೆ ಹಾಕಿದ 1 ಡಾಲರ್ ಮುಂದಿನ ಸುಮಾರು 15 ಡಾಲರ್ ಹಾನಿ ತಪ್ಪಿಸುತ್ತದೆ ಎಂಬುದು ಅವರ ಅಂದಾಜು. ಹಾಗಿದ್ದರೂ ಅದಕ್ಕೆ ಮತ ಬೀಳುವುದಿಲ್ಲ. ಪೈಪು ಯಾಕೆ ಹಾಗೇ ಉಳಿಯುತ್ತದೆ ಅಂತ ಈಗ ಗೊತ್ತಾಯಿತಲ್ಲ?

"ಒಂದೇ ಸಲ ಗೆಲ್ಲಬೇಕು, ಎರಡನೇ ಸಲ ನಿಲ್ಲೋಕೇ ಬಿಡಬಾರದು" ಅಂದೆ. ಕೇಳೋಕೆ ಚೆನ್ನಾಗಿದೆ. ಮೆಕ್ಸಿಕೋದಲ್ಲಿ ಅದನ್ನು ಮಾಡಿ ನೋಡಿದ್ದಾರೆ. 1933ರಿಂದ ಅಲ್ಲಿನ ಸಂಸದರು ಬೆನ್ನು ಬೆನ್ನಿಗೆ ಎರಡು ಸಲ ಗೆಲ್ಲುವ ಹಾಗಿರಲಿಲ್ಲ. ಜನರ ಮುಂದೆ ಮತ್ತೆ ಹೋಗುವುದೇ ಇಲ್ಲ ಅಂದ ಮೇಲೆ ಜನರ ಭಯ ಯಾಕೆ? ಮುಂದಿನ ಹುದ್ದೆ ಕೊಡುವ ಪಕ್ಷದ ದೊಡ್ಡವರ ಮುಖವನ್ನೇ ನೋಡಿಕೊಂಡಿದ್ದರು. ಕೊನೆಗೆ 2014ರಲ್ಲಿ ಆ ನಿಯಮ ಬದಲಿಸಿದರು. ಬ್ರೆಜಿಲ್‌ನಲ್ಲಿ ಮತ್ತೆ ನಿಲ್ಲುವ ಅವಕಾಶ ಇದ್ದ ಮೇಯರ್‌ಗಳು, ಇಲ್ಲದವರಿಗಿಂತ ಕಡಿಮೆ ಹಣ ನುಂಗಿದ್ದರು ಅಂತ ಫೆರಾಜ್ ಮತ್ತು ಫಿನಾನ್ ಎಂಬ ಇಬ್ಬರು ಲೆಕ್ಕ ಹಾಕಿ ತೋರಿಸಿದ್ದಾರೆ.

ಮತ್ತೆ ಗೆಲ್ಲಬೇಕೆಂಬ ಆಸೆ ಅವರ ಮೂಗುದಾರ ಮಗಳೇ. ನೀನು ಮತ ಹಾಕಲ್ಲ ಅಂದರೆ ಹಗ್ಗ ನಿನ್ನ ಕೈಯಿಂದ ಹೋಗುತ್ತದೆ. ಡಾಂಬರು ನೋಡಿ ಖುಷಿಪಡುವವರು ಹೇಗೂ ಮತ ಹಾಕೇ ಹಾಕುತ್ತಾರೆ, ಅಲ್ವಾ? ಪೈಪಿನ ಬಗ್ಗೆ ಕೇಳುವ ನಿನ್ನಂಥವರು ಮನೆಯಲ್ಲೇ ಕೂತರೆ ಗೆದ್ದವರಿಗೆ ಅಷ್ಟೇ ನಿರಾಳ.

ಬ್ರೆಜಿಲ್‌ನ ಕಥೆ ಇನ್ನೂ ಸ್ವಲ್ಪ ಇದೆ, ನನಗೆ ತುಂಬಾ ಧೈರ್ಯ ಕೊಟ್ಟ ಭಾಗ ಅದು. 2003ರಿಂದ ಅಲ್ಲಿ ಲಾಟರಿ ಎತ್ತಿ ಊರುಗಳನ್ನು ಆರಿಸಿ, ಅಲ್ಲಿನ ಆಡಳಿತದ ಲೆಕ್ಕ ತಪಾಸಣೆ ಮಾಡಿ, ವರದಿಯನ್ನು ಎಲ್ಲರ ಮುಂದಿಟ್ಟರು. 2004ರ ಚುನಾವಣೆಗೆ ಮುಂಚೆ ವರದಿ ಹೊರಬಿದ್ದ ಕಡೆ, ಜಾಸ್ತಿ ಅಕ್ರಮ ಮಾಡಿದ್ದ ಮೇಯರ್‌ಗಳಿಗೆ ಮತ್ತೆ ಗೆಲ್ಲುವುದು ಕಷ್ಟವಾಯಿತು. ಊರಿನದೇ ರೇಡಿಯೋ ಇದ್ದ ಕಡೆಯಂತೂ ಏಟು ಇನ್ನೂ ಜೋರಾಗಿ ಬಿತ್ತು. ವಿಷಯ ಸರಿಯಾದ ಹೊತ್ತಿಗೆ ಕಿವಿಗೆ ಬಿದ್ದಿತ್ತು, ಅಷ್ಟೇ. ಜನ ಬದಲಾಗಿರಲಿಲ್ಲ.

ಹಾಗಾಗಿ ನಿನ್ನ ಸಿಟ್ಟನ್ನು ಮತದಾನದ ದಿನಕ್ಕೆ ಎತ್ತಿಡಬೇಡ. ಗೆದ್ದವರು ನಿಶ್ಚಿಂತೆಯಿಂದ ಇರುವ ಮಧ್ಯದ ವರ್ಷಗಳಲ್ಲೇ ಕೇಳು. ಪೈಪಿಗೆ ಎಷ್ಟು ಹಣ ಇಟ್ಟಿದ್ದೀರಿ, ಎಷ್ಟು ಖರ್ಚಾಯಿತು ಅಂತ ಬರೆದು ಕೇಳು. ಯಾರಾದರೂ ನಿಜವಾಗಿ ರಸ್ತೆ ಅಗೆದು ಪೈಪು ಹಾಕಿಸುತ್ತಿದ್ದರೆ, ಧೂಳು ಅಂತ ಎಲ್ಲರೂ ಬೈಯುವಾಗ ಅವರಿಗೆ ಒಳ್ಳೆಯ ಮಾತಿನ ಒಂದು ಕಾಗದ ಬರಿ. ಅಂಥ ಕಾಗದ ಅವರಿಗೆ ಬರುವುದು ಕಡಿಮೆ.

ಮುಂದಿನ ಸಲ ಬರುವಾಗ ನಿಮ್ಮ ಕಡೆಯ ಲೆಕ್ಕ ತಪಾಸಣೆ ವರದಿ ಸಿಕ್ಕರೆ ತೆಗೆದುಕೊಂಡು ಬಾ. ಇಬ್ಬರೂ ಕೂತು ಓದೋಣ.

ಪ್ರೀತಿಯಿಂದ,
ನಿನ್ನ ಅಮ್ಮ