ಯುರೋಪಾದ ಸಬ್ಬತ್ತಿನ ಲೆಕ್ಕಕ್ಕೆ ಜೊತೆಯಾದವರಿಗೆ

ಕಳೆದ ಭಾನುವಾರ ಸಂಜೆ ಬಲ್ಮಠದಲ್ಲಿ ನನ್ನ ಮೊದಲ ಕಾದಂಬರಿ ಬಿಡುಗಡೆಯಾಯಿತು. ಅಷ್ಟು ಮಳೆಯಲ್ಲೂ ಬಂದು ಕೂತವರ ಮುಂದೆ ನನ್ನ ಗಂಟಲು ಕಟ್ಟಿತು. ಅಲ್ಲಿ ಹೇಳಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕಥೆ ನಡೆಯುವುದು ಗುರುಗ್ರಹದ ಉಪಗ್ರಹ ಯುರೋಪಾದಲ್ಲಿ, ಹಿಮದ ಪದರದ ಕೆಳಗೆ ಬದುಕುವ ಒಂದು ಸಣ್ಣ ಸಮುದಾಯದ ನಡುವೆ. ಅವರ ಹತ್ತಿರ ಸುಟ್ಟು ಕರಕಲಾದ ಒಂದು ಸುರುಳಿಯಿದೆ. ಬಿಚ್ಚಹೋದರೆ ಪುಡಿಯಾಗುತ್ತದೆ. ಅದರ ಜೊತೆಗೆ ಅವರನ್ನು ಕಾಡುವ ಇನ್ನೊಂದು ಪ್ರಶ್ನೆ: ಸೂರ್ಯಾಸ್ತಕ್ಕೆ ಶುರುವಾಗುವ ಸಬ್ಬತ್, ಅಂದರೆ ಏಳನೆಯ ದಿನದ ಪವಿತ್ರ ವಿಶ್ರಾಂತಿ, ಇಲ್ಲಿ ಯಾವಾಗ?

ಮೊದಲ ಕೃತಜ್ಞತೆ ನನ್ನ ಪಿಯುಸಿಯ ಭೌತಶಾಸ್ತ್ರದ ಸರ್‌ಗೆ. ಯುರೋಪಾದ ಒಂದು ದಿನವೆಂದರೆ ನಮ್ಮ ಸುಮಾರು 85 ಗಂಟೆ, ಅಲ್ಲಿನ ಏಳನೆಯ ದಿನ ಶುರುವಾಗುವ ಹೊತ್ತಿಗೆ ಭೂಮಿಯ ಮೇಲೆ ಮೂರು ವಾರ ದಾಟಿರುತ್ತದೆ ಎಂದು ಲೆಕ್ಕ ಹಾಕಿ ತೋರಿಸಿದವರು ಅವರು. ಸೂರ್ಯನ ಬೆಳಕು ಅಲ್ಲಿ ನಮಗೆ ಸಿಗುವುದರ ಸುಮಾರು 27ರಲ್ಲಿ ಒಂದು ಪಾಲು. ಹಿಮದಡಿಯಲ್ಲಂತೂ ಸೂರ್ಯಾಸ್ತ ಕಾಣುವ ಮಾತೇ ಇಲ್ಲ. ಆ ಹಿಮದಡಿಯ ಕಡಲಿನಲ್ಲಿ ಜೀವವಿದೆ ಎಂದು ಕಥೆಗಾರ ಬರೆಯಬಹುದು, ಆದರೆ ವಿಜ್ಞಾನ ಹಾಗೆ ಹೇಳಿದೆ ಎಂದು ಪಾತ್ರದ ಬಾಯಲ್ಲೂ ಹೇಳಿಸಬೇಡ ಎಂದರು ಸರ್. ಅಲ್ಲಿ ಜೀವಕ್ಕೆ ತಕ್ಕ ಪರಿಸ್ಥಿತಿ ಇದೆಯೇ ಎಂದು ನೋಡಲು ನಾಸಾ ಕಳಿಸಿದ ಯುರೋಪಾ ಕ್ಲಿಪ್ಪರ್ ನೌಕೆ ಹೊರಟದ್ದೇ 2024ರ ಅಕ್ಟೋಬರಿನಲ್ಲಿ, ಅದು ಗುರುವಿನ ಬಳಿ ಸೇರುವುದು 2030ಕ್ಕೆ. ಅಲ್ಲಿಯವರೆಗೆ ಕಾಯುವುದೂ ವಿಜ್ಞಾನವೇ ಎಂದು ನಾನು ಅವರಿಂದ ಕಲಿತೆ.

ಇಲಾನ್ ರಾಮೋನ್ ಅವರ ವಿಷಯ ತಿಳಿಸಿದ್ದೂ ಸರ್. ಇಸ್ರೇಲಿನ ಈ ಗಗನಯಾತ್ರಿ ಕೊಲಂಬಿಯಾ ನೌಕೆಯಲ್ಲಿ ನಮ್ಮ ಕಲ್ಪನಾ ಚಾವ್ಲಾ ಅವರ ಜೊತೆಗಿದ್ದವರು. ಕಕ್ಷೆಯಲ್ಲಿ ಒಂದೂವರೆ ಗಂಟೆಗೊಮ್ಮೆ ಸೂರ್ಯೋದಯ. ಹಾಗಾದರೆ ಸಬ್ಬತ್ ಯಾವಾಗ ಎಂದು ಅವರು ರಬ್ಬಿಗಳನ್ನು, ಅಂದರೆ ಯೆಹೂದಿ ಧರ್ಮಗುರುಗಳನ್ನು, ಕೇಳಿದ್ದರು. ಹೊರಟ ನೆಲದ, ಅಂದರೆ ಕೇಪ್ ಕೆನವೆರಲ್‌ನ ಗಡಿಯಾರವನ್ನೇ ಅನುಸರಿಸಿ ಎಂಬ ಉತ್ತರ ಬಂತು. ರಾಮೋನ್ ಯೆಹೂದಿಗಳ ಧರ್ಮಗ್ರಂಥವಾದ ತೋರಾದ ಒಂದು ಪುಟ್ಟ ಸುರುಳಿಯನ್ನೂ ಕೊಂಡೊಯ್ದಿದ್ದರು. ಬೆರ್ಗೆನ್-ಬೆಲ್ಸೆನ್ ಎಂಬ ನಾಜಿ ಶಿಬಿರದಲ್ಲಿ ಒಬ್ಬ ಹುಡುಗ ಗುಟ್ಟಾಗಿ ಓದಿದ್ದ ಸುರುಳಿ ಅದು. ಆ ಹುಡುಗ ಮುಂದೆ ಭೌತವಿಜ್ಞಾನಿಯಾದ, ಅವನ ಪ್ರಯೋಗವೂ ಅದೇ ನೌಕೆಯಲ್ಲಿತ್ತು. 2003ರ ಫೆಬ್ರುವರಿ 1ರಂದು ನೌಕೆ ಹಿಂದಿರುಗುವಾಗ ಒಡೆದು, ಅದರಲ್ಲಿದ್ದ ಏಳು ಜನರ ಜೊತೆ ಆ ಸುರುಳಿಯೂ ಹೋಯಿತು. ಇದನ್ನು ಕೇಳಿದ ರಾತ್ರಿಯೇ ನಾನು ಮೊದಲ ಅಧ್ಯಾಯ ಬರೆದೆ.

ಹೀಬ್ರೂ ಕಲಿಸಿದ ಟೀಚರ್‌ಗೆ ಎಷ್ಟು ನಮಸ್ಕಾರ ಹೇಳಿದರೂ ಸಾಲದು. ಬೈಬಲ್ಲಿನ ಸೃಷ್ಟಿಕಥೆಯಾದ ಆದಿಕಾಂಡದ ಮೊದಲ ಅಧ್ಯಾಯದಲ್ಲಿ ಸೂರ್ಯ ಬರುವುದು ನಾಲ್ಕನೆಯ ದಿನ, ಆದರೆ ಸಂಜೆ, ಬೆಳಗು ಎಂಬ ಎಣಿಕೆ ಮೊದಲ ದಿನದಿಂದಲೇ ಇದೆ. ಯುರೋಪಾದ ನನ್ನ ಜನರಿಗೆ ಇದು ಹೇಳಿ ಮಾಡಿಸಿದ ಅಧ್ಯಾಯ. ಸಂತ ಅಗಸ್ಟೀನನೂ ಸಾವಿರದ ಆರುನೂರು ವರ್ಷಗಳ ಹಿಂದೆ ಸೂರ್ಯನಿಲ್ಲದ ಈ ಮೊದಲ ಮೂರು ದಿನಗಳ ಬಗ್ಗೆ ತಲೆ ಕೆಡಿಸಿಕೊಂಡಿದ್ದ. ಟೀಚರ್ ಮಾತ್ರ ಪ್ರತಿ ಸಲ ಕೇಳುತ್ತಿದ್ದದ್ದು ಒಂದೇ: "ಇದನ್ನು ಮೊದಲು ಕೇಳಿಸಿಕೊಂಡವರು ಯಾರು, ಆಗ ಅವರು ಎಲ್ಲಿದ್ದರು?" ಈ ಅಧ್ಯಾಯ ಯೆಹೂದಿಗಳನ್ನು ಬಾಬಿಲೋನಿಗೆ ಸೆರೆ ಒಯ್ದಿದ್ದ ಕಾಲಕ್ಕೋ ಅದರ ಆಸುಪಾಸಿಗೋ ಸೇರಿದ್ದು ಎಂಬುದು ಅನೇಕ ವಿದ್ವಾಂಸರ ಅಭಿಪ್ರಾಯ. ಯೆರೂಸಲೇಮಿನ ದೇವಾಲಯ ನೆಲಸಮವಾಗಿದೆ, ಊರು ದೂರವಿದೆ. ಸಬ್ಬತ್ತಿಗಾದರೆ ಕಟ್ಟಡ ಬೇಡ, ಎಲ್ಲಿದ್ದರೂ ಆಚರಿಸಬಹುದು.

ಬೈಬಲ್ಲಿನ ಪ್ರವಾದಿ ಯೆಹೆಜ್ಕೇಲ ದರ್ಶನದಲ್ಲಿ ಕಂಡ, ದೇವರ ಸಿಂಹಾಸನದ ಚಕ್ರಗಳಿಗೂ ಟೀಚರ್ ಅವರದು ಅದೇ ಪ್ರಶ್ನೆ. ಆ ದರ್ಶನ ಸುಮಾರು ಕ್ರಿಸ್ತಪೂರ್ವ 593ರದ್ದು, ಬಾಬಿಲೋನಿನ ಕೆಬಾರ್ ಕಾಲುವೆಯ ದಡದಲ್ಲಿ ಆದದ್ದು. ನಾಸಾದ ಎಂಜಿನಿಯರ್ ಜೋಸೆಫ್ ಬ್ಲೂಮ್‌ರಿಚ್ ಅದನ್ನು ಅಂತರಿಕ್ಷ ನೌಕೆಯೆಂದೇ ಓದಿದರು, ಎಲ್ಲ ದಿಕ್ಕಿಗೂ ಉರುಳುವ ಒಂದು ಚಕ್ರಕ್ಕೆ 1974ರಲ್ಲಿ ಪೇಟೆಂಟನ್ನೂ ಪಡೆದರು. ಆ ಚಕ್ರ ನನಗೆ ಬಹಳ ಇಷ್ಟ, ಕಾದಂಬರಿಯ ಬಂಡಿಗಳಿಗೆ ಅದನ್ನೇ ಹಾಕಿದ್ದೇನೆ. ಆದರೆ ಕಾಲುವೆ ದಡದ ಆ ಸೆರೆಯಾಳುಗಳಿಗೆ ನೌಕೆಯಿಂದ ಏನಾಗಬೇಕಿತ್ತು? ನಮ್ಮ ದೇವರು ಯೆರೂಸಲೇಮಿನಲ್ಲೇ ಉಳಿದನೇ ಎಂಬ ಭಯ ಅವರದು. ಸಿಂಹಾಸನಕ್ಕೇ ಚಕ್ರಗಳಿವೆ, ಅದು ನೀವಿರುವಲ್ಲಿಗೆ ಬರುತ್ತದೆ ಎಂದು ಪ್ರವಾದಿ ಹೇಳುತ್ತಿದ್ದಾನೆ. ನನ್ನ ಮಟ್ಟಿಗೆ ಯಾವ ನೌಕೆಗಿಂತಲೂ ಈ ಮಾತೇ ದೊಡ್ಡದು. ಕಾದಂಬರಿ ನಿಂತಿರುವುದೂ ಇದರ ಮೇಲೆ.

ನಡುವೆ ಅಮ್ಮನಿಗೆ ಪಾರ್ಶ್ವವಾಯುವಾಯಿತು, ಬರವಣಿಗೆ ನಿಂತಿತು. ಆಸ್ಪತ್ರೆಯ ಸ್ಕ್ಯಾನಿಂಗ್ ಕೋಣೆಯ ಅಣ್ಣ ಒಬ್ಬರು ಅಮ್ಮನ ತಲೆಯ ಚಿತ್ರಗಳನ್ನು ಒಂದೊಂದೇ ಪದರವಾಗಿ ತೋರಿಸಿ, ಎಲ್ಲಿ ರಕ್ತ ನಿಂತಿದೆ ಎಂದು ತಾಳ್ಮೆಯಿಂದ ವಿವರಿಸಿದರು. ಐನ್‌ಗೆದಿಯ ಸುರುಳಿಯನ್ನು ಹೇಗೆ ಓದಿದರೆಂದು ನನಗೆ ಸರಿಯಾಗಿ ಅರ್ಥವಾದದ್ದು ಆಗ. ಇಸ್ರೇಲಿನ ಲವಣ ಸಮುದ್ರದ (ಮೃತ ಸಮುದ್ರದ) ದಡದ, ಸುಟ್ಟುಹೋದ ಸಿನಗಾಗ್ (ಯೆಹೂದಿ ಪ್ರಾರ್ಥನಾಮಂದಿರ) ಒಂದರಲ್ಲಿ 1970ರಲ್ಲಿ ಸಿಕ್ಕಿದ ಇದ್ದಿಲಿನ ತುಂಡು ಅದು. ಮುಟ್ಟಿದರೆ ಉದುರುತ್ತಿದ್ದುದರಿಂದ ದಶಕಗಳ ಕಾಲ ಹಾಗೇ ಇತ್ತು. ಕೊನೆಗೆ ಅತಿ ಸೂಕ್ಷ್ಮ ಸಿಟಿ ಸ್ಕ್ಯಾನ್ ಮಾಡಿದರು. ಅಮೆರಿಕದ ಕೆಂಟಕಿ ವಿಶ್ವವಿದ್ಯಾಲಯದ ಬ್ರೆಂಟ್ ಸೀಲ್ಸ್ ಅವರ ತಂಡ ಆ ಪದರಗಳನ್ನು ಕಂಪ್ಯೂಟರಿನಲ್ಲೇ ಬಿಡಿಸಿ, ಚಪ್ಪಟೆ ಮಾಡಿ, ಜೋಡಿಸಿತು. ಕಂಡದ್ದು ಬೈಬಲ್ಲಿನ ಯಾಜಕಕಾಂಡದ ಆರಂಭದ ಅಧ್ಯಾಯಗಳು, ವ್ಯಂಜನಗಳೆಲ್ಲ ಇಂದಿನ ಹೀಬ್ರೂ ಬೈಬಲ್ಲಿನಲ್ಲಿರುವಂತೆಯೇ. ಪೂರ್ಣ ವರದಿ 2016ರಲ್ಲಿ ಪ್ರಕಟವಾಯಿತು. ಆ ಅಣ್ಣ ನನ್ನ ಕಥೆಯ ಯಂತ್ರದ ಅಧ್ಯಾಯವನ್ನು ಎರಡು ಸಲ ಓದಿ ತಿದ್ದಿಕೊಟ್ಟರು. ಅಮ್ಮನನ್ನು ನೋಡಿಕೊಂಡದ್ದಕ್ಕೂ ಅದಕ್ಕೂ ಸೇರಿಸಿ ಅವರಿಗೆ ನನ್ನ ಪ್ರಣಾಮಗಳು.

ಕುವೈತಿನ ಮಾವನನ್ನು ಮರೆಯುವುದುಂಟೇ? ಅಲ್ಲಿ ರಜೆ ಶುಕ್ರವಾರ, ಹಾಗಾಗಿ ಭಾನುವಾರದ ಚರ್ಚ್ ಆರಾಧನೆಯೂ ಶುಕ್ರವಾರವೇ. ಎಷ್ಟೋ ವರ್ಷ ಹಾಗೇ ನಡೆಸಿಕೊಂಡು ಬಂದವರು ಅವರು. ಯುರೋಪಾದ ಸಭಾಪಾಲಕನ ಮಾತುಗಳಲ್ಲಿ ಅರ್ಧ ಮಾವನದೇ. ಫೋನಿನಲ್ಲಿ ಅವರು ಹೇಳಿದ್ದನ್ನು ಹಾಗೇ ಬರೆದುಕೊಂಡಿದ್ದೆ.

ಹಳೆಯ ಪುಸ್ತಕಗಳನ್ನು ಹುಡುಕಿ ಕೊಟ್ಟ ಗ್ರಂಥಾಲಯದವರಿಗೆ, ಕರಡು ತಿದ್ದಿದ ಗೆಳತಿಯರಿಗೆ, ಅಮ್ಮನ ಪಕ್ಕ ಕೂತು ನನಗೆ ಬರೆಯಲು ಬಿಡುವು ಮಾಡಿಕೊಟ್ಟ ಪಕ್ಕದ ಮನೆಯ ಅಕ್ಕನಿಗೆ, ಎಲ್ಲರಿಗೂ ನಾನು ಋಣಿ. ಅಮ್ಮ ಈಗ ನಿಧಾನವಾಗಿ ಓದುತ್ತಾರೆ, ನಾಲ್ಕನೆಯ ಅಧ್ಯಾಯಕ್ಕೆ ಬಂದಿದ್ದಾರೆ.

ಉಡುಪಿಯ ಗೆಳೆಯರು ಮುಂದಿನ ತಿಂಗಳು ಅಲ್ಲಿ ಒಂದು ಓದು, ಮಾತುಕತೆ ಇಟ್ಟುಕೊಂಡಿದ್ದಾರೆ. ಸರ್ ಮತ್ತು ಟೀಚರ್ ಇಬ್ಬರೂ ಬರಲು ಒಪ್ಪಿದ್ದಾರೆ. ಕಥೆಯ ಬಗ್ಗೆ ನನ್ನನ್ನು ಕೇಳಿ, ಚಕ್ರಗಳ ಬಗ್ಗೆ ಅವರನ್ನು ಕೇಳಿ.