ದಮಿಲಾನೊ ಗೆದ್ದದ್ದು ಅದೃಷ್ಟದಿಂದಲ್ಲ

ಸಂಪಾದಕರಿಗೆ,

ಮಾನ್ಯರೇ,

ಮುಂದಿದ್ದವರು ಅನರ್ಹಗೊಂಡ ಕಾರಣಕ್ಕೆ ಪದಕ ದಕ್ಕಿಸಿಕೊಂಡವರ ಪ್ರಸ್ತಾಪ ಬಂದಾಗ, ಇಟಲಿಯ ನಡಿಗೆ ಸ್ಪರ್ಧಿ ಮೌರಿಝಿಯೊ ದಮಿಲಾನೊ ಅವರನ್ನೂ ಆ ಸಾಲಿಗೆ ಸೇರಿಸುವವರಿದ್ದಾರೆ. 1980ರ ಮಾಸ್ಕೊ ಒಲಿಂಪಿಕ್ಸ್‌ನ 20 ಕಿ.ಮೀ. ನಡಿಗೆಯಲ್ಲಿ ಅವರು ಗೆದ್ದ ಚಿನ್ನವನ್ನು ಅದೃಷ್ಟದ ಖಾತೆಗೆ ಜಮಾ ಮಾಡುವುದು ಸರಿಯಲ್ಲ.

ಅಂದು ಕೊನೆಯ ಹಂತದಲ್ಲಿ ಮುಂದಿದ್ದವರು ಹಿಂದಿನ ಒಲಿಂಪಿಕ್ಸ್‌ನ ವಿಜೇತ, ಮೆಕ್ಸಿಕೊದ ಡೇನಿಯಲ್ ಬಟಿಸ್ಟಾ. ನಡಿಗೆಯ ನಿಯಮ ಮುರಿದದ್ದಕ್ಕೆ ತೀರ್ಪುಗಾರರು ಅವರನ್ನು ಹೊರಗೆ ಕಳುಹಿಸಿದರು. ಅವರ ಜಾಗಕ್ಕೆ ಬಂದ ಆತಿಥೇಯ ಸೋವಿಯತ್ ಒಕ್ಕೂಟದ ಅನತೋಲಿ ಸೊಲೊಮಿನ್ ಅವರಿಗೂ ಸ್ವಲ್ಪದರಲ್ಲೇ ಅದೇ ಗತಿಯಾಯಿತು. ಆಗ ಮುನ್ನಡೆಗೆ ಬಂದ 23 ವರ್ಷದ ದಮಿಲಾನೊ, 1 ಗಂಟೆ 23 ನಿಮಿಷ 35.5 ಸೆಕೆಂಡುಗಳಲ್ಲಿ ಒಲಿಂಪಿಕ್ ದಾಖಲೆಯೊಂದಿಗೆ ಗುರಿ ಮುಟ್ಟಿದರು. ಅಮೆರಿಕ ನೇತೃತ್ವದಲ್ಲಿ ಹಲವು ದೇಶಗಳು ಮಾಸ್ಕೊ ಕೂಟಕ್ಕೆ ಹಾಕಿದ ಬಹಿಷ್ಕಾರದಿಂದ ಕಣ ಸೊರಗಿತ್ತು ಎಂಬ ವಾದವೂ ಇಲ್ಲಿ ನಿಲ್ಲುವುದಿಲ್ಲ. ಆ ಕಾಲಕ್ಕೆ ನಡಿಗೆಯಲ್ಲಿ ಪ್ರಬಲವಾಗಿದ್ದ ಮೆಕ್ಸಿಕೊ, ಸೋವಿಯತ್ ಒಕ್ಕೂಟ ಮತ್ತು ಪೂರ್ವ ಜರ್ಮನಿ ಮೂರೂ ಸ್ಪರ್ಧೆಯಲ್ಲಿದ್ದವು. ಬಹಿಷ್ಕಾರದ ಬಿಸಿ ತಟ್ಟಿದ್ದು ದಮಿಲಾನೊ ಅವರಿಗೇ. ಇಟಲಿಯವರು ಒಲಿಂಪಿಕ್ ಧ್ವಜದಡಿ ಸ್ಪರ್ಧಿಸಿದ್ದರಿಂದ ಪದಕ ವೇದಿಕೆಯ ಮೇಲೆ ಅವರಿಗೆ ತಮ್ಮ ರಾಷ್ಟ್ರಗೀತೆ ಕೇಳಿಸಲಿಲ್ಲ.

ನಡಿಗೆಯಲ್ಲಿ ಒಂದು ಪಾದವಾದರೂ ಸದಾ ನೆಲದ ಸಂಪರ್ಕದಲ್ಲಿರಬೇಕು, ದೇಹದ ಭಾರ ಹೊತ್ತ ಕಾಲಿನ ಮಂಡಿ ನೇರವಾಗಿರಬೇಕು. ಇದನ್ನು ನಿರ್ಧರಿಸುವುದು ಯಂತ್ರವಲ್ಲ, ತೀರ್ಪುಗಾರರ ಬರಿಗಣ್ಣು (ಈ ಪದ್ಧತಿಯ ಬಗ್ಗೆ ತಕರಾರುಗಳಿವೆ, ಇರಬೇಕಾದದ್ದೇ). ದಣಿವು ಏರಿದಂತೆ, ಎದುರಾಳಿ ಬೆನ್ನಟ್ಟಿದಂತೆ, ನಡಿಗೆ ಓಟವಾಗದಂತೆ ತಡೆದುಕೊಳ್ಳುವುದೇ ಈ ಸ್ಪರ್ಧೆಯ ಕಷ್ಟ. ಹೀಗಿರುವಾಗ ಕೊನೆಯ ಎರಡು ಕಿಲೊಮೀಟರ್‌ಗಳಲ್ಲೂ ನಿಯಮದೊಳಗೆ ಉಳಿದವರನ್ನು ಅದೃಷ್ಟವಂತರೆನ್ನುವುದು, ತಡೆಬೇಲಿ ಓಟದಲ್ಲಿ ಎಡವದೆ ಓಡಿದವರನ್ನು ಹಾಗೆನ್ನುವುದಕ್ಕೆ ಸಮ.

ಮುಂದಿನ ವರ್ಷಗಳನ್ನು ನೋಡಿದರೆ ಸಂಶಯಕ್ಕೆ ಆಸ್ಪದವೇ ಇರದು. 1984ರ ಲಾಸ್ ಏಂಜಲೀಸ್ ಮತ್ತು 1988ರ ಸೋಲ್ ಒಲಿಂಪಿಕ್ಸ್‌ಗಳಲ್ಲಿ ಕಂಚು. 1987ರಲ್ಲಿ ರೋಮ್‌ನ ತವರು ಪ್ರೇಕ್ಷಕರೆದುರು ವಿಶ್ವ ಚಾಂಪಿಯನ್ ಪಟ್ಟ. ನಾಲ್ಕು ವರ್ಷಗಳ ನಂತರ, 34ನೆಯ ವಯಸ್ಸಿನಲ್ಲಿ, ಟೋಕಿಯೊದಲ್ಲಿ ಮತ್ತೆ ಅದೇ ಪಟ್ಟ. 1992ರ ಬಾರ್ಸಿಲೋನಾದಲ್ಲಿ ನಾಲ್ಕನೆಯವರಾಗಿ ಪದಕ ತಪ್ಪಿಸಿಕೊಂಡ ಅವರು, ಅದೇ ವರ್ಷ ಅಕ್ಟೋಬರ್ 3ರಂದು ಕೂನಿಯೊದ ಟ್ರ್ಯಾಕ್‌ನಲ್ಲಿ 30 ಕಿ.ಮೀ. ದೂರವನ್ನು 2 ಗಂಟೆ 1 ನಿಮಿಷ 44.1 ಸೆಕೆಂಡುಗಳಲ್ಲಿ ಕ್ರಮಿಸಿ ವಿಶ್ವದಾಖಲೆ ಬರೆದರು. ಅದೃಷ್ಟ ಹನ್ನೆರಡು ವರ್ಷ ಹೀಗೆ ಜೊತೆಯಲ್ಲಿ ನಡೆಯುವುದಿಲ್ಲ.

ಪಿಯೆಡ್‌ಮಾಂಟ್ ಪ್ರಾಂತ್ಯದ ಸ್ಕಾರ್ನಫಿಜಿಯಲ್ಲಿ ಹುಟ್ಟಿದ ಅವರಿಗೆ ಅಣ್ಣ ಸಾಂಡ್ರೊ ತರಬೇತುದಾರರಾಗಿದ್ದರು. ಅವಳಿ ಸೋದರ ಜಾರ್ಜಿಯೊ ಮಾಸ್ಕೊದ ಅದೇ ಸ್ಪರ್ಧೆಯಲ್ಲಿ ಹನ್ನೊಂದನೆಯವರಾಗಿದ್ದರು. ಸಾಂಡ್ರೊ ಗರಡಿಯಲ್ಲಿ ಪಳಗಿದ ಚೀನಾದ ಚೆನ್ ಡಿಂಗ್ 2012ರ ಲಂಡನ್ ಒಲಿಂಪಿಕ್ಸ್‌ನ 20 ಕಿ.ಮೀ. ನಡಿಗೆಯಲ್ಲಿ ಚಿನ್ನ ಗೆದ್ದರು. ಅದೇ ಸ್ಪರ್ಧೆಯಲ್ಲಿ ನಮ್ಮ ಕೆ.ಟಿ. ಇರ್ಫಾನ್ ಹತ್ತನೆಯವರಾದದ್ದನ್ನು ಎಷ್ಟು ಮಂದಿ ಗಮನಿಸಿದರೋ!

ನಡಿಗೆ ಸ್ಪರ್ಧೆಗಳ ಫಲಿತಾಂಶ ಪ್ರಕಟಿಸುವಾಗ ಪದಕ ಗೆದ್ದವರ ಹೆಸರಿನ ಜೊತೆಗೆ, ಯಾರು ಯಾವ ತಪ್ಪಿಗಾಗಿ, ಎಷ್ಟನೆಯ ಕಿಲೊಮೀಟರ್‌ನಲ್ಲಿ ಅನರ್ಹಗೊಂಡರೆಂಬ ವಿವರವನ್ನೂ ಒಂದೆರಡು ಸಾಲುಗಳಲ್ಲಿ ಕೊಡಬೇಕೆಂದು ತಮ್ಮ ಕ್ರೀಡಾ ವಿಭಾಗವನ್ನು ಕೋರುತ್ತೇನೆ.

– ಓದುಗ, ಮೈಸೂರು